ಗ್ಲಾಸರಿ ಕೇಳಿದೆ, ಗ್ಲಾಸಿ ಕೊಟ್ಟರು

ನಮ್ಮ ಸೊಸೆ ಮಂಡ್ಯದವಳು. ಶಿರಸಿಗೆ ಬಂದ ವಾರದಲ್ಲೇ ಪತ್ರಿಕೆಯ ಅಡಿಕೆ ಧಾರಣೆ ನೋಡಿ, "ಮಾವ, ಬೆಟ್ಟೆ, ಬಿಳೆಗೋಟು, ಚಾಲಿ ಅಂದರೆ ಏನು?" ಎಂದು ಕೇಳಿದಳು. ಅವಳಿಗೆಂದು ಬರೆಯಲು ಕುಳಿತದ್ದು 24 ಪುಟಗಳ ಕೈಪಿಡಿಯಾಯಿತು. ಅದರಲ್ಲಿ ಕೊನೆಯ ನಾಲ್ಕು ಪುಟ ಪದಗಳ ಪಟ್ಟಿ. ಪೇಟೆಯ ಒಂದು ಮುದ್ರಣ ಅಂಗಡಿಗೆ (ಹೆಸರು ಬೇಡ) 50 ಪ್ರತಿ ಮಾಡಲು ಕೊಟ್ಟೆ, ಪ್ರತಿಗೆ 45 ರೂಪಾಯಿ.

"ಕೊನೆಯ ನಾಲ್ಕು ಪುಟ ಗ್ಲಾಸರಿ" ಎಂದು ದೊಡ್ಡಸ್ತಿಕೆ ತೋರಿಸಿದ್ದು ನನ್ನ ತಪ್ಪು. ಬಂದ ಪ್ರತಿಗಳಲ್ಲಿ ಇಪ್ಪತ್ತು ಪುಟ ಸಾದಾ ಕಾಗದ, ಉಳಿದ ನಾಲ್ಕು ಮದುವೆ ಆಲ್ಬಮ್ಮಿನಂತೆ ಮಿರಮಿರ! ದೀಪದ ಕೆಳಗೆ ಹಿಡಿದರೆ ಅಕ್ಷರಕ್ಕಿಂತ ಬಲ್ಬೇ ಚೆನ್ನಾಗಿ ಕಾಣುತ್ತದೆ. "ಗ್ಲಾಸಿ ಎಂದು ನೀವೇ ಹೇಳಿದ್ದಲ್ಲವೇ ಸರ್?" ಎಂದ ಕೌಂಟರಿನ ಹುಡುಗ.

ಹೊಳಪು ಎಂಬರ್ಥದ ‘ಗ್ಲಾಸ್’ (gloss) ಜರ್ಮ್ಯಾನಿಕ್ ಕುಲದ್ದು, ಗ್ಲಾಸರಿಗೆ ನೆಂಟನಲ್ಲ. ಗ್ಲಾಸರಿಯ ಬೇರು ಗ್ರೀಕಿನ ‘ಗ್ಲೋಸ್ಸಾ’, ಅಂದರೆ ನಾಲಗೆ. ನಾಲಗೆಯಿಂದ ನುಡಿ, ನುಡಿಯಿಂದ ಅರ್ಥ ಬಿಡಿಸಿ ಹೇಳಬೇಕಾದ ಅಪರೂಪದ ಪದ. ಲ್ಯಾಟಿನ್ನಿಗೆ ಹೋದ ಮೇಲೆ ಆ ಪದದ ವಿವರಣೆಗೂ ಅದೇ ಹೆಸರಾಯಿತು. ಮಧ್ಯಯುಗದ ಯುರೋಪಿನಲ್ಲಿ ಹಸ್ತಪ್ರತಿಯ ಅಂಚಿನಲ್ಲಿ, ಸಾಲುಗಳ ನಡುವೆ ಹೀಗೆ ಅರ್ಥ ಬರೆದಿಡುತ್ತಿದ್ದರು. ಅವನ್ನು ಒಂದೆಡೆ ಕೂಡಿಸಿದ್ದು ‘ಗ್ಲೋಸ್ಸಾರಿಯಮ್’. ನಮ್ಮಲ್ಲಿ ಟೀಕೆ ಮಾಡುತ್ತಿದ್ದ ಕೆಲಸವೂ ಇದೇ. ಈಗ ಟೀಕೆ ಎಂದರೆ ತಪ್ಪು ಹುಡುಕುವುದು. ನಾನಿಲ್ಲಿ ಎರಡನ್ನೂ ಮಾಡುತ್ತಿದ್ದೇನೆ.

ಹೊಗಳಬೇಕಾದ್ದೂ ಇದೆ. ಅಕ್ಷರ ಜೋಡಿಸಿದ ಹೆಣ್ಣುಮಗಳು ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ "ರಾಶಿ ಬಿಟ್ಟುಹೋಗಿದೆ" ಎಂದು ಬರೆದಿದ್ದಳು. ಯಾರಿಗೆ ಗೊತ್ತಿಲ್ಲ ಎಂದು ನಾನೇ ಬಿಟ್ಟಿದ್ದೆ. ಮಂಡ್ಯದವಳಿಗೆ ರಾಶಿ ಎಂದರೆ ಕಣದಲ್ಲಿ ಸುರಿದ ರಾಗಿ. ನಮ್ಮ ಮನೆಮಾತಿನಲ್ಲಿ ‘ರಾಶಿ ಚೊಲೊ’ ಎಂದರೆ ಬಹಳ ಚೆಂದ. ಅಡಿಕೆ ಮಂಡಿಯಲ್ಲಿ ಮಾತ್ರ ಅದು ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದ ಮಾಲು. ಎಲ್ಲರಿಗೂ ಗೊತ್ತಿರುವ ಪದವೇ ಹೆಚ್ಚು ಮೋಸ ಮಾಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆದಿತ್ತು. ಆ ಸಾಲು ಸೇರಿಸಿದ್ದಕ್ಕೆ ಬೇರೆ ಹಣ ಕೇಳಲಿಲ್ಲ.

ನಾಲ್ಕು ಪುಟಗಳನ್ನು ಪುಕ್ಕಟೆ ಬದಲಿಸಿ ಕೊಡುತ್ತೇವೆ ಎಂದರು. ಆಗಲಿ ಎಂದಿದ್ದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿದ್ದ ಪ್ರತಿಯ ಮೇಲೆ ತಂಬುಳಿ ಚೆಲ್ಲಿತು. ಸಾದಾ ಪುಟಗಳು ಅಂಟಿಕೊಂಡವು. ಗ್ಲಾಸರಿಯನ್ನು ಸೊಸೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಓದುತ್ತಿದ್ದಾಳೆ. ಬದಲಿಸುವುದು ಬೇಡವೆಂದು ಅಂಗಡಿಗೆ ಫೋನ್ ಮಾಡಿದೆ.