ಪ್ರೈವೇಟ್ ಸರ್ವರ್‌ಗೆ 'ಡೊನೇಷನ್' ಕೊಡುವ ಮುಂಚೆ ಇದನ್ನು ಓದಿ

ಪ್ರೈವೇಟ್ ಸರ್ವರ್‌ನಲ್ಲಿ, ಅಂದರೆ ಗೇಮ್ ಕಂಪನಿಯ ಬದಲು ಬೇರೆಯವರು ನಡೆಸುವ ಸರ್ವರ್‌ನಲ್ಲಿ, ಆನ್‌ಲೈನ್ ಗೇಮ್ ಆಡುವವರು ದಯವಿಟ್ಟು ಪೂರ್ತಿ ಓದಿ. ಅಲ್ಲಿ ಬಿಡಿಗಾಸೂ ಹಾಕಬೇಡಿ.

ನಾನು ಆಡುತ್ತಿದ್ದ ಸರ್ವರ್ ರಾತ್ರೋರಾತ್ರಿ ಮುಚ್ಚಿತು. ಹಿಂದಿನ ದಿನವಷ್ಟೇ ಹೊಸ ಮೌಂಟ್‌ಗೆ (ಗೇಮ್‌ನಲ್ಲಿ ಏರಿ ಓಡಾಡುವ ಪ್ರಾಣಿ) ಆಫರ್ ಬಿಟ್ಟಿದ್ದರು. ದುಡ್ಡು ಕಟ್ಟಿದ್ದೆ. ಗಿಲ್ಡ್‌ನವರೂ (ನನ್ನ ಜೊತೆ ಆಡುವ ತಂಡದವರು) ನನ್ನನ್ನು ನೋಡಿ ಕಟ್ಟಿದರು, ಈಗ ಅವರಿಗೆ ಮುಖ ತೋರಿಸಲು ನಾಚಿಕೆ. ಬೆಳಿಗ್ಗೆ ಲಾಗಿನ್ ಆಗಲಿಲ್ಲ. ಸರ್ವರ್‌ನ ಡಿಸ್ಕಾರ್ಡ್ ಚಾಟ್ ಗುಂಪಿನಲ್ಲಿ ಎರಡೇ ಸಾಲು: ಗೇಮ್ ಕಂಪನಿಯಿಂದ ಲೀಗಲ್ ನೋಟಿಸ್ ಬಂದಿದೆ, ಎಲ್ಲರಿಗೂ ಧನ್ಯವಾದ.

ಧನ್ಯವಾದವಂತೆ! ನೋಟಿಸ್ ಯಾವಾಗ ಬಂತು ಅಂತ ಸರ್ವರ್ ನಡೆಸುವ ಅಡ್ಮಿನ್‌ನನ್ನು ಕೇಳಿದೆ. "ಹೋದ ವಾರ." ಅಂದರೆ ನೋಟಿಸ್ ಕೈಯಲ್ಲಿ ಇಟ್ಟುಕೊಂಡೇ ಆಫರ್ ಬಿಟ್ಟಿದ್ದಾರೆ. ಹೋದ ವಾರ! ಮೈಯೆಲ್ಲ ಉರಿದುಹೋಯಿತು.

ದುಡ್ಡು ವಾಪಸ್ ಕೊಡಿ ಅಂದೆ. "ಅದು ಡೊನೇಷನ್ ಬ್ರೋ, ನೀನು ಏನೂ ಕೊಂಡಿಲ್ಲ." ಕೊಂಡಿಲ್ಲವಾ? ಮೌಂಟ್ ಚಿತ್ರದ ಕೆಳಗೆ ಬೆಲೆ ಹಾಕಿದ್ದು ಯಾರು? ಮತ್ತೆ ಕೇಳಿದ್ದಕ್ಕೆ "ಹಾಗಾದ್ರೆ ಕಂಪನಿಗೇ ಕಂಪ್ಲೇಂಟ್ ಕೊಡು" ಅಂತ ನಗುವ ಇಮೋಜಿ ಹಾಕಿ ಬ್ಲಾಕ್ ಮಾಡಿದ. ಪೇಪಾಲ್‌ನಲ್ಲಿ 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ಅಂತಲೇ ಕಳಿಸಿ ಎಂದು ಒತ್ತಿ ಒತ್ತಿ ಹೇಳಿದ್ದು ಇದಕ್ಕೇ. ಹಾಗೆ ಕಳಿಸಿದ ದುಡ್ಡಿಗೆ ಖರೀದಿಯ ರಕ್ಷಣೆ ಸಿಗುವುದಿಲ್ಲ.

"ಡೊನೇಷನ್ ತಾನೇ, ಲೀಗಲ್" ಅನ್ನುವ ಮಾತು ಶುದ್ಧ ಸುಳ್ಳು. ಗೇಮ್‌ನ ಪಾತ್ರ, ಚಿತ್ರ, ಸಂಗೀತ ಎಲ್ಲದರ ಕಾಪಿರೈಟ್ ಕಂಪನಿಯದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಪ್ರೈವೇಟ್ ಸರ್ವರ್ ನಡೆಸುತ್ತಿದ್ದ ಸ್ಕೇಪ್‌ಗೇಮಿಂಗ್ ಕೂಡ ಪೇಪಾಲ್‌ನಲ್ಲಿ ಡೊನೇಷನ್ ಅಂತಲೇ ತೆಗೆದುಕೊಳ್ಳುತ್ತಿತ್ತು. 2010ರಲ್ಲಿ ಅಮೆರಿಕದ ಕೋರ್ಟ್ ಆ ಗೇಮ್‌ನ ಕಂಪನಿ ಬ್ಲಿಝಾರ್ಡ್‌ಗೆ ಸುಮಾರು 8.8 ಕೋಟಿ ಡಾಲರ್ ಕೊಡಿ ಅಂತ ಅದನ್ನು ನಡೆಸುತ್ತಿದ್ದವರ ಮೇಲೆ ತೀರ್ಪು ಕೊಟ್ಟಿತು. ಐಟಂ ಮಾರದ, ಅದೇ ಗೇಮ್‌ನ ಇನ್ನೊಂದು ಪ್ರೈವೇಟ್ ಸರ್ವರ್ ನಾಸ್ಟಾಲ್ರಿಯಸ್ ಕೂಡ 2016ರ ಏಪ್ರಿಲ್‌ನಲ್ಲಿ ನೋಟಿಸ್ ಬಂದ ಮೇಲೆ ಮುಚ್ಚಿತು. ಅಷ್ಟು ಪ್ರಾಮಾಣಿಕವಾಗಿದ್ದವರೇ ಉಳಿಯಲಿಲ್ಲ, ಇವರು ಉಳಿಯುತ್ತಾರಾ?

ಗೇಮ್ ಕಂಪನಿಯ ಲೈಸೆನ್ಸ್ ಇದೆಯಾ ಅಂತ ಮೊದಲೇ ಕೇಳಿ. ಸಿಗದೇ ಇರುವಂಥದ್ದೇನಲ್ಲ: ಸಿಟಿ ಆಫ್ ಹೀರೋಸ್ ಗೇಮ್‌ನ ಹೋಮ್‌ಕಮಿಂಗ್ ಸರ್ವರ್‌ಗೆ 2024ರಲ್ಲಿ ಆ ಗೇಮ್‌ನ ಕಂಪನಿ ಎನ್‌ಸಿಸಾಫ್ಟ್ ಲೈಸೆನ್ಸ್ ಕೊಟ್ಟಿದೆ. ಉತ್ತರ ಹಾರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಅದೇ ಅಡ್ಮಿನ್ ಈಗ ಬೇರೆ ಹೆಸರಲ್ಲಿ ಹೊಸ ಸರ್ವರ್ ತೆಗೆಯುತ್ತಿದ್ದಾನೆ. ಲೋಗೋದ ಬಣ್ಣ ಮಾತ್ರ ಬೇರೆ. 'ಫೌಂಡರ್ ಪ್ಯಾಕ್'ಗೆ (ಶುರುವಿನಲ್ಲೇ ದುಡ್ಡು ಹಾಕುವವರಿಗೆ ಕೊಡುವ ಐಟಂಗಳು) ಆಗಲೇ ಡೊನೇಷನ್ ಕೇಳುತ್ತಿದ್ದಾನೆ. ಕೊಡಬೇಡಿ.