ವಿ-ಕ್ರಾಸ್ ಪಿಕಪ್‌ಗೆ ಹಾಸನದಲ್ಲಿ ಮಾಡಿಸಿದ ಸೈಲೆನ್ಸರ್: ಎರಡು ಪೈಪು ಬೇಕೇ, ಒಂದು ಸಾಕೇ?

ನನ್ನ 2018ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್‌ಗೆ ಹಿಂಭಾಗದ ಎರಡೂ ಬದಿಯಲ್ಲಿ ಪೈಪು ಕಾಣುವಂತೆ ಜೋಡಿ ಎಕ್ಸಾಸ್ಟ್ ಹಾಕಿಸಬೇಕೆಂದು ಮನೆಯಿಂದ ಹೊರಟವನು, ಹಾಸನದ ಬಿ.ಎಂ. ರಸ್ತೆಯ ಪಕ್ಕದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಒಂದೇ ಪೈಪಿನ, ಒಂದೇ ಸೈಲೆನ್ಸರಿನ ಜೋಡಣೆಯನ್ನು ಮಾಡಿಸಿಕೊಂಡು ಬಂದೆ. ಆ ಬಳಿಕ ಒಂದು ಪೂರ್ತಿ ಮಳೆಗಾಲ ಕಳೆದಿದೆ, ಗಾಡಿ ಒಂಬತ್ತು ಸಾವಿರ ಕಿಲೋಮೀಟರ್ ಓಡಿದೆ. ಮಲೆನಾಡಿನ ಕಡೆ ಪಿಕಪ್ ಇಟ್ಟುಕೊಂಡಿರುವ ಹಲವರು ಇದೇ ಗೊಂದಲದಲ್ಲಿರುವುದನ್ನು ನೋಡಿದ್ದೇನೆ. ಆದ್ದರಿಂದ ಆಯ್ಕೆ ಹೇಗೆ ಬದಲಾಯಿತು, ಕೆಲಸ ಹೇಗೆ ನಡೆಯಿತು ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ. ವರ್ಕ್‌ಶಾಪಿನ ಹೆಸರನ್ನು ಹಾಕಬೇಡಿ ಎಂದು ಮೇಸ್ತ್ರಿಯೇ ಕೇಳಿಕೊಂಡಿದ್ದಾರೆ. ಬೈಕಿಗೆ ಜೋರು ಸದ್ದಿನ ಪೈಪು ಹಾಕಿಕೊಡಿ ಎಂದು ಬರುವ ಹುಡುಗರಿಗೆ ಇಲ್ಲ ಎಂದು ಹೇಳುವುದರಲ್ಲೇ ಅವರ ಅರ್ಧ ದಿನ ಹೋಗುತ್ತದೆಯಂತೆ.

ತೋಟ ಇರುವುದು ಸಕಲೇಶಪುರದಿಂದ ಒಳಗೆ. ಗೊಬ್ಬರ, ಕಾಫಿ ಮೂಟೆ, ಒಮ್ಮೊಮ್ಮೆ ಪಂಪ್‌ಸೆಟ್ಟು, ಇಷ್ಟು ಈ ಗಾಡಿಯ ನಿತ್ಯದ ಹೊರೆ. ವಾರಕ್ಕೊಮ್ಮೆ ಹಾಸನ, ತಿಂಗಳಿಗೊಮ್ಮೆ ಶಿರಾಡಿ ಅಥವಾ ಚಾರ್ಮಾಡಿ ಘಾಟಿ. ಉಳಿದ ದಿನಗಳಲ್ಲಿ ತೋಟದೊಳಗಿನ ಎರಡು ಮೂರು ಕಿಲೋಮೀಟರ್ ಓಡಾಟವೇ ಹೆಚ್ಚು, ಕಂಪನಿಯ ಸೈಲೆನ್ಸರನ್ನು ತಿಂದದ್ದೂ ಈ ಚಿಕ್ಕ ಓಡಾಟವೇ. ಡೀಸೆಲ್ ಉರಿದಾಗ ಹೊಗೆಯ ಜೊತೆಗೆ ನೀರಿನ ಆವಿಯೂ ಹೊರಡುತ್ತದೆ; ದೂರ ಓಡಿದರೆ ಪೈಪು ಕಾದು ಆವಿಯೆಲ್ಲ ಹೊರಗೆ ಹೋಗುತ್ತದೆ, ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಅದೇ ಆವಿ ತಣ್ಣಗಾಗಿ ಸೈಲೆನ್ಸರಿನ ಹೊಟ್ಟೆಯಲ್ಲಿ ನೀರಾಗಿ ನಿಲ್ಲುತ್ತದೆ. ಹೊರಗಿನಿಂದ ಮಳೆ, ಒಳಗಿನಿಂದ ಈ ನೀರು. ಮುಂದೆ ಮೇಸ್ತ್ರಿ ಆ ಹಳೆಯ ಸೈಲೆನ್ಸರನ್ನು ಗ್ರೈಂಡರಿನಿಂದ ಸೀಳಿ ನನ್ನ ಮುಂದೆ ಬಿಚ್ಚಿಟ್ಟಾಗ, ಕರಿಮಸಿಯೊಂದಿಗೆ ಬೆರೆತ ತುಕ್ಕುನೀರು ನೆಲಕ್ಕೆ ಸುರಿಯಿತು. ಒಳಗಿನ ಅಡ್ಡತಗಡುಗಳಲ್ಲಿ ಒಂದು ಕೈಯಲ್ಲಿ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ಹಾಸನಕ್ಕೆ ಹೋಗುವ ಮೊದಲು ಬೇರೊಂದು ಊರಿನ ಗ್ಯಾರೇಜಿನಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಅಲ್ಲಿ ಸಾಧಾರಣ ಕಬ್ಬಿಣದ ಪೈಪನ್ನು ಒಳಗೆ ಯಾವ ಆಧಾರವೂ ಇಲ್ಲದೆ ಬಗ್ಗಿಸಿದ್ದರು. ಹಾಗೆ ಬಗ್ಗಿಸಿದ ಪೈಪು ತಿರುವಿನಲ್ಲಿ ಚಪ್ಪಟೆಯಾಗಿ, ಎರಡೂವರೆ ಇಂಚಿನ ಪೈಪು ಅಲ್ಲಿ ಮಾತ್ರ ಎರಡು ಇಂಚಿನಷ್ಟೇ ಉಳಿದಿತ್ತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಎಂಜಿನ್ನಿನ ಅಲುಗಾಟವನ್ನು ತಾಳಿಕೊಳ್ಳಲು ಮುಂಭಾಗದಲ್ಲಿ ಇರಲೇಬೇಕಾದ ಜಾಲರಿ ಹೊದಿಕೆಯ ಫ್ಲೆಕ್ಸ್ ಪೈಪನ್ನು ತೆಗೆದುಹಾಕಿ, ಗಟ್ಟಿ ಪೈಪನ್ನೇ ನೇರವಾಗಿ ಬೆಸೆದಿದ್ದರು. ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಅಲುಗುತ್ತದೆ, ಪೈಪು ಛಾಸಿಗೆ ಕಟ್ಟಿಕೊಂಡಿರುತ್ತದೆ. ನಡುವೆ ಬಳುಕುವ ಜಾಗವಿಲ್ಲದಿದ್ದರೆ ಎಲ್ಲಾದರೂ ಒಂದು ಕಡೆ ಒಡೆಯಲೇಬೇಕು. ಮೂರನೆಯ ತಿಂಗಳಿಗೆ, ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಬಿಲ್ಲೆಯಾದ ಫ್ಲ್ಯಾಂಜಿನ ಬೆಸುಗೆ ಒಡೆದು, ಚಾರ್ಮಾಡಿ ಇಳಿಯುವಾಗ ಹೊಗೆ ಕ್ಯಾಬಿನ್ನಿನೊಳಗೆ ಬರತೊಡಗಿತು. ಉಜಿರೆ ಮುಟ್ಟುವ ಹೊತ್ತಿಗೆ ನನ್ನ ಹೆಂಡತಿಗೆ ತಲೆ ಸಿಡಿಯುವಷ್ಟು ನೋವು. ಪೈಪು ಒಡೆದ ಗಾಡಿಯಲ್ಲಿ ಕಿಟಕಿ ಮುಚ್ಚಿಕೊಂಡು ಹೋಗುವುದು ಜೀವಕ್ಕೇ ಅಪಾಯ ಎಂಬುದನ್ನು ಅಂದು ಮನದಟ್ಟು ಮಾಡಿಕೊಂಡೆ.

ಇನ್ನು ಜೋಡಿ ಪೈಪಿನ ವಿಷಯ. ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆದಾಗ ಬೇಲಿಯಂಚಿನಲ್ಲಿ ನಿಂತು ನೋಡಿದವನು ನಾನು. ಎಂಜಿನ್ನಿನ ಸದ್ದೆಂದರೆ ನನಗೆ ನಿಜಕ್ಕೂ ಪ್ರೀತಿ. ಅಮೆರಿಕದ ದೊಡ್ಡ ಪಿಕಪ್‌ಗಳ ಎರಡು ಪೈಪಿನ ಗಂಭೀರವಾದ ಗುಡುಗನ್ನು ವಿಡಿಯೊಗಳಲ್ಲಿ ಕೇಳಿ ಕೇಳಿ, ನನ್ನ ಗಾಡಿಗೂ ಅದು ಬೇಕೆನಿಸಿತ್ತು. ಆದರೆ ಅಲ್ಲಿನ ಫೋರ್ಡ್ ಎಫ್-150 ಅಥವಾ ಷೆವರ್ಲೆ ಸಿಲ್ವರಾಡೊಗಳಲ್ಲಿ ಬರುವ ವಿ8 ಎಂಜಿನ್ನಿನಲ್ಲಿ ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿರುತ್ತವೆ, ಒಂದೊಂದು ಸಾಲಿಗೂ ಹೊಗೆಯನ್ನು ಒಟ್ಟುಗೂಡಿಸುವ ಅದರದೇ ಮ್ಯಾನಿಫೋಲ್ಡ್ ಇರುತ್ತದೆ. ಅಂದರೆ ಎಂಜಿನ್ನಿನಿಂದಲೇ ಎರಡು ದಾರಿಗಳು ಹೊರಡುತ್ತವೆ. ಅವನ್ನು ಕೊನೆಯವರೆಗೂ ಬೇರೆಬೇರೆಯಾಗಿ ಒಯ್ಯುವುದು ಅಲ್ಲಿ ಸಹಜವಾದ ಆಯ್ಕೆ. ಆ ಎಂಜಿನ್ನುಗಳಲ್ಲಿ ಒಂದೇ ಸಾಲಿನ ಸಿಲಿಂಡರುಗಳು ಸಮ ಅಂತರದಲ್ಲಿ ಉರಿಯುವುದಿಲ್ಲವಾದ್ದರಿಂದ, ಎರಡು ಪೈಪುಗಳ ನಡುವೆ ಎಚ್ ಅಥವಾ ಎಕ್ಸ್ ಆಕಾರದ ಸೇತುವೆ ಹಾಕಿ ಒತ್ತಡದ ಅಲೆಗಳನ್ನು ಸರಿದೂಗಿಸುತ್ತಾರೆ. ಎಚ್ ಸೇತುವೆ ಹಾಕಿದರೆ ಆ ಹಳೆಯ ಗುಡುಗು ಬಹುಪಾಲು ಉಳಿಯುತ್ತದೆ, ಎಕ್ಸ್ ಹಾಕಿದರೆ ಸದ್ದು ನಯವಾಗಿ ಏರುತ್ತದೆ. ವಿ8 ಇರುವವರು ಜೋಡಿ ಪೈಪಿನ ಬಗ್ಗೆ ಇಷ್ಟೆಲ್ಲ ಯೋಚಿಸುವುದರಲ್ಲಿ ಅರ್ಥವಿದೆ.

ನನ್ನದು 2.5 ಲೀಟರಿನ ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್. ನಾಲ್ಕೂ ಸಿಲಿಂಡರಿನ ಹೊಗೆ ಒಂದೇ ಮ್ಯಾನಿಫೋಲ್ಡಿಗೆ ಬಂದು, ಒಂದೇ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ) ದಾಟಿ, ಒಂದೇ ಬಾಯಿಯಿಂದ ಹೊರಬೀಳುತ್ತದೆ. ಮೇಸ್ತ್ರಿ ಗಾಡಿಯ ಕೆಳಗಿನಿಂದಲೇ ಹೇಳಿದ ಮಾತು ಇದು: “ಎರಡು ಪೈಪ್ ಹಾಕ್ಕೊಡಿ ಅಂದ್ರೆ ಹಾಕ್ಕೊಡ್ತೀನಿ ಸಾರ್, ನನಗೇನು, ದುಡ್ಡು ಜಾಸ್ತೀನೇ ಬರುತ್ತೆ. ಆದ್ರೆ ಹೊಗೆ ಬರೋ ಬಾಯಿ ಒಂದೇ ಅಲ್ವಾ, ಅದನ್ನ ಹಿಂದೆ ಹೋಗಿ ಎರಡು ಮಾಡಿದ್ರೆ ನೋಡೋಕೆ ಮಾತ್ರ.” ನಂತರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. ಹೊರವ್ಯಾಸದ ಲೆಕ್ಕದಲ್ಲಿ ಎರಡೂವರೆ ಇಂಚಿನ ಒಂದು ಪೈಪಿನ ಬಾಯಿಯ ವಿಸ್ತೀರ್ಣ ಸುಮಾರು 4.9 ಚದರ ಇಂಚು, ಮೂರು ಇಂಚಿನದಕ್ಕೆ ಸುಮಾರು 7.1, ಎರಡೂಕಾಲು ಇಂಚಿನ ಎರಡು ಪೈಪು ಸೇರಿದರೆ ಸುಮಾರು 8. ಪೈಪನ್ನು ಅರ್ಧ ಇಂಚು ದಪ್ಪ ಮಾಡಿದರೆ ಸಿಗುವ ಜಾಗ, ಇನ್ನೊಂದು ಪೈಪು, ಇನ್ನೊಂದು ಸೈಲೆನ್ಸರು, ಅವನ್ನು ತೂಗುಹಾಕುವ ನಾಲ್ಕು ಹ್ಯಾಂಗರು ಸೇರಿಸಿದರೆ ಸಿಗುವ ಜಾಗಕ್ಕೆ ಹತ್ತಿರವೇ ಇದೆ. ಅದೂ 134 ಅಶ್ವಶಕ್ತಿಯ ಎಂಜಿನ್ನಿಗೆ ಮೂರು ಇಂಚೂ ಬೇಕಾಗಿಲ್ಲ.

ವಿ-ಕ್ರಾಸ್‌ನ ಕೆಳಭಾಗವನ್ನು ಕಣ್ಣಾರೆ ನೋಡಿದ ಮೇಲೆ ಉಳಿದ ಆಸೆಯೂ ಹೋಯಿತು. ಹೊರೆ ತುಂಬುವ ಹಿಂದಿನ ಬಕೆಟ್ಟಿನ ಅಡಿಯಲ್ಲಿ ಸ್ಟೆಪ್ನಿ ತೂಗಿಕೊಂಡಿದೆ. ಎರಡನೆಯ ಪೈಪನ್ನು ಆಚೆ ಬದಿಗೆ ಒಯ್ಯಬೇಕಾದರೆ ಅದು ಸ್ಟೆಪ್ನಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಅಡ್ಡ ಹಾಯಬೇಕು. ಹೊರೆ ತುಂಬಿ ಪಟ್ಟಿ ಸ್ಪ್ರಿಂಗು ಚಪ್ಪಟೆಯಾದಾಗ ಆಕ್ಸಲ್ ಮೇಲೆ ಬಂದು ಪೈಪಿಗೆ ಬಡಿಯುತ್ತದೆ. ಬಡಿಯಬಾರದೆಂದು ಕೆಳಗಿಳಿಸಿದರೆ, ಈ ಗಾಡಿಯನ್ನು ಯಾವುದಕ್ಕಾಗಿ ಕೊಂಡೆವೋ ಆ 225 ಮಿಲಿಮೀಟರಿನ ನೆಲದ ಎತ್ತರವೇ ನಷ್ಟ. ತೋಟದ ಮಳೆಗಾಲದ ಚಕ್ರದ ಗುಂಡಿಗಳಲ್ಲಿ ಇಳಿದು ಹತ್ತುವ ಗಾಡಿಗೆ ಇದು ಸಣ್ಣ ಮಾತಲ್ಲ.

ಸೈಲೆನ್ಸರಿನ ಆಯ್ಕೆಯಲ್ಲಿ ನಾನು ಹೆಚ್ಚು ಹೊತ್ತು ಕಳೆದೆ, ಕಳೆದದ್ದು ಸಾರ್ಥಕವಾಯಿತು. ಮುಖ್ಯವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಹೊಟ್ಟೆಯೊಳಗೆ ಅಡ್ಡಗೋಡೆಗಳಿಂದ ಕೋಣೆಗಳನ್ನು ಮಾಡಿ, ಸದ್ದಿನ ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ ಒಂದನ್ನೊಂದು ಕೊಲ್ಲುವಂತೆ ಮಾಡುತ್ತಾರೆ. ಅಮೆರಿಕದ ಫ್ಲೋಮಾಸ್ಟರ್ ಹೆಸರಾದದ್ದು ಈ ಬಗೆಯಿಂದ. ಇನ್ನೊಂದರಲ್ಲಿ ತೂತುಗಳಿರುವ ನೇರ ಪೈಪಿನ ಸುತ್ತ ಗಾಜಿನ ನಾರನ್ನು ತುಂಬಿ, ಸದ್ದನ್ನು ನಾರೇ ಹೀರಿಕೊಳ್ಳುವಂತೆ ಮಾಡುತ್ತಾರೆ. ಮ್ಯಾಗ್ನಾಫ್ಲೋ, ಬೋರ್ಲಾ ಕಂಪನಿಗಳ ಹೆಸರು ಕೇಳಿಬರುವುದು ಇದರಲ್ಲಿ. ನೇರ ಪೈಪಿನದು ಹೊಗೆಗೆ ಸಲೀಸು, ಕರ್ಕಶವಾದ ಮೇಲುದನಿಯನ್ನು ಚೆನ್ನಾಗಿ ಅಡಗಿಸುತ್ತದೆ, ಆದರೆ ಎದೆಗೆ ತಾಕುವ ತಗ್ಗುದನಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಟರ್ಬೊ ಡೀಸೆಲ್ಲಿನಲ್ಲಿ ಟರ್ಬೊದ ಚಕ್ರವೇ ಹೊಗೆಯ ಬಡಿತವನ್ನು ಅರ್ಧ ಮುರಿದಿರುವುದರಿಂದ, ನೇರ ಪೈಪಿನ ಸೈಲೆನ್ಸರು ಇಲ್ಲಿ ಪೆಟ್ರೋಲ್ ಗಾಡಿಯಷ್ಟು ಗದ್ದಲ ಮಾಡುವುದಿಲ್ಲ. ನಾನು ಅದನ್ನೇ ಆರಿಸಿಕೊಂಡೆ, ಆದರೆ ಸಿಗುವುದರಲ್ಲಿ ಉದ್ದವಾದ ಹೊಟ್ಟೆಯದನ್ನು.

ಉದ್ದದ ಮೇಲೆ ಹಟ ಹಿಡಿದದ್ದಕ್ಕೆ ಕಾರಣ, ಕ್ಯಾಬಿನ್ನಿನೊಳಗೆ ಒಂದೇ ವೇಗದಲ್ಲಿ ಹೋಗುವಾಗ ಕಿವಿ ತುಂಬುವ ಗುಂಯ್ ಎನ್ನುವ ಸದ್ದು. ನಾಲ್ಕು ಸಿಲಿಂಡರಿನ ಎಂಜಿನ್ನು ಒಂದು ಸುತ್ತಿಗೆ ಎರಡು ಬಾರಿ ಉರಿಯುತ್ತದೆ. ನಿಮಿಷಕ್ಕೆ 1,800 ಸುತ್ತು ತಿರುಗುವಾಗ ಸೆಕೆಂಡಿಗೆ 60 ಬಡಿತ. ಈ ತಗ್ಗುದನಿಗೆ ಕ್ಯಾಬಿನ್ನಿನ ತಗಡೆಲ್ಲ ಸೇರಿ ಡೋಲಿನಂತೆ ಓಗೊಡುತ್ತದೆ. ಹಾಸನದಿಂದ ಸಕಲೇಶಪುರದವರೆಗಿನ ನಲವತ್ತು ಕಿಲೋಮೀಟರಿನಲ್ಲಿ ಗಾಡಿ ಬಹುಪಾಲು ಈ ಆಸುಪಾಸಿನಲ್ಲೇ ತಿರುಗುತ್ತಿರುತ್ತದೆ, ಆದ್ದರಿಂದ ಇದನ್ನು ಕಡೆಗಣಿಸಿದರೆ ದಿನವೂ ಅನುಭವಿಸಬೇಕು. ಬಾಯಿ ಮುಚ್ಚಿದ ಒಂದು ಪಕ್ಕದ ಪೈಪನ್ನು ಜೋಡಿಸಿ, ಅಲ್ಲಿಂದ ಹಿಂದಿರುಗುವ ಅಲೆಯಿಂದಲೇ ಈ ಸದ್ದನ್ನು ಕೊಲ್ಲುವ ಉಪಾಯವೊಂದಿದೆ. ಆದರೆ ಅದರ ಉದ್ದ ಆ ಸದ್ದಿನ ಅಲೆಯ ಕಾಲುಭಾಗ ಇರಬೇಕು, ಬಿಸಿ ಹೊಗೆಯಲ್ಲಿ 60 ಬಡಿತದ ಸದ್ದಿಗೆ ಅದು ಸುಮಾರು ಆರು ಅಡಿಯಾಗುತ್ತದೆ. ಅಷ್ಟು ಜಾಗ ನನ್ನ ಗಾಡಿಯ ಕೆಳಗಿಲ್ಲ. ಆದ್ದರಿಂದ ಮುಖ್ಯ ಸೈಲೆನ್ಸರಿನ ಮುಂದೆ, ಸದ್ದನ್ನು ಇನ್ನಷ್ಟು ತಗ್ಗಿಸುವ ಒಂದು ಚಿಕ್ಕ ಡಬ್ಬಿ, ಅಂದರೆ ರೆಸೊನೇಟರ್, ಸೇರಿಸಿದೆವು.

ಪೈಪಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಎರಡೂವರೆ ಇಂಚು. ಕಂಪನಿ ಪೈಪುಗಳಲ್ಲಿ ಹೆಚ್ಚಾಗಿ ಬಳಸುವ 409 ದರ್ಜೆಯದರಲ್ಲಿ ಕ್ರೋಮಿಯಂ ಶೇ 11ರಷ್ಟು ಮಾತ್ರ ಇರುತ್ತದೆ, ಮೇಲ್ಮೈಯಲ್ಲಿ ಕಂದು ತುಕ್ಕು ಏರುತ್ತದೆ. 304ರಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕ್ಕಲ್ ಇರುವುದರಿಂದ ಮಲೆನಾಡಿನ ಮಳೆಗೆ ಅದೇ ಸರಿ. ತಿರುವುಗಳಿಗೆ, ಒಳಗೆ ಆಧಾರ ಕೊಟ್ಟು ಬಗ್ಗಿಸಿದ ಸಿದ್ಧ ಬೆಂಡುಗಳನ್ನು ತರಿಸಿ, ಟಿಗ್ ವೆಲ್ಡಿಂಗಿನಲ್ಲಿ (ಗಾಳಿ ತಾಗದಂತೆ ಆರ್ಗಾನ್ ಅನಿಲದ ಹೊದಿಕೆಯಲ್ಲಿ ಮಾಡುವ ಬೆಸುಗೆ) ಬೆಸೆದರು. ಮೇಸ್ತ್ರಿ ಪ್ರತಿ ಬೆಸುಗೆಗೂ ಮೊದಲು ಪೈಪಿನ ಎರಡೂ ತುದಿಗೆ ಟೇಪು ಸುತ್ತಿ ಒಳಗೆ ಆರ್ಗಾನ್ ಅನಿಲ ತುಂಬಿಸುತ್ತಿದ್ದರು; ಹಾಗೆ ಮಾಡದಿದ್ದರೆ ಬೆಸುಗೆಯ ಒಳಮುಖ ಸಕ್ಕರೆ ಹರಳಿನಂತೆ ಒರಟಾಗಿ, ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿಸಿ, ಹುಡುಗನೊಬ್ಬ ಒದ್ದೆ ಗೋಣಿಯನ್ನು ಹಿಂದಿನ ಬಾಯಿಗೆ ಅರ್ಧ ಒತ್ತಿ ಹಿಡಿದ. ಮೇಸ್ತ್ರಿ ಬ್ರಷ್ಷಿನಿಂದ ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ಟಾರ್ಚು ಹಾಕಿ ನೋಡಿದರು. ಎರಡನೆಯ ಫ್ಲ್ಯಾಂಜಿನಲ್ಲಿ ಒಂದು ಸಣ್ಣ ಗುಳ್ಳೆ ಕಂಡಿತು. ನನ್ನ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ. ಅವರು ಅದನ್ನು ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ಮತ್ತೆ ಮೊದಲಿನಿಂದ ಸೋಪು ಬಳಿದರು. ಈ ವರ್ಕ್‌ಶಾಪಿನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.

ಟರ್ಬೊದ ಬಳಿ ಇರುವ, ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟುವುದಿಲ್ಲ ಎಂಬುದು ಅವರ ಮೊದಲ ಷರತ್ತಾಗಿತ್ತು, ನನ್ನದೂ ಅದೇ ಆಗಿತ್ತು. ಕೆಲಸವೆಲ್ಲ ಅದರ ಹಿಂದಿನ ಭಾಗದಲ್ಲಿ ಮಾತ್ರ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಮಿತಿಯ ಹೊಸ ಮಾನದಂಡ) ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಸೋಸಕ, ಅಂದರೆ ಡಿಪಿಎಫ್ ಕೂಡ ಇರುತ್ತದೆ. ಅದನ್ನು ತೆಗೆದು ನೇರ ಪೈಪು ಹಾಕಿಕೊಡುತ್ತೇವೆ ಎನ್ನುವವರ ಬಳಿ ದಯವಿಟ್ಟು ಹೋಗಬೇಡಿ. ಆ ಮಸಿ ಹೋಗುವುದು ನಮ್ಮ ಹಿಂದೆ ಸ್ಕೂಟರಿನಲ್ಲಿ ಬರುವವರ ಎದೆಗೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆಗೆ ಅವಕಾಶವಿದೆ ಎಂಬುದನ್ನೂ ನೆನಪಿಡಬೇಕು. ಕೆಲಸ ಮುಗಿದ ವಾರವೇ ಎಮಿಷನ್ ಟೆಸ್ಟ್ ಮಾಡಿಸಿದೆ, ಗಾಡಿ ಪಾಸಾಯಿತು.

ಫಲಿತಾಂಶವನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಶಿರಾಡಿ ಏರುವಾಗ ಮೂರನೆಯ ಗೇರಿನಲ್ಲಿ ಟರ್ಬೊ ಸ್ವಲ್ಪ ಬೇಗ ಎಚ್ಚರಗೊಳ್ಳುತ್ತದೆ. ಆದರೆ ತುಕ್ಕು ಹಿಡಿದು ಅರ್ಧ ಕಟ್ಟಿಕೊಂಡಿದ್ದ ಹಳೆಯದಕ್ಕೆ ಹೋಲಿಸಿ ಹೇಳುವ ಮಾತಿದು, ಹೊಸ ಕಂಪನಿ ಸೈಲೆನ್ಸರಿಗೆ ಹೋಲಿಸಿ ಅಲ್ಲ. ಕಾಫಿ ಮೂಟೆಯ ತಕ್ಕಡಿಯಲ್ಲಿಟ್ಟು ನೋಡಿದಾಗ ಹೊಸ ಜೋಡಣೆ ಹಳೆಯದಕ್ಕಿಂತ ನಾಲ್ಕು ಕಿಲೋ ಹಗುರ. ಸದ್ದು ಮೊದಲಿಗಿಂತ ಒಂದು ಎಳೆ ದಪ್ಪ, ಆದರೆ ಜೋರಲ್ಲ. ನಮ್ಮ ಕಡೆ ಇದು ಬರಿಯ ಶೋಕಿಯ ಪ್ರಶ್ನೆಯಲ್ಲ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಎಚ್ಚರಿಕೆ ಬಂದ ದಿನ ಬೆಳಗಿನ ಮಂಜಿನಲ್ಲಿ ತೋಟದ ತಿರುವಿಗೆ ಬಂದಾಗ, ಕಿಟಕಿ ಇಳಿಸಿ, ಬಿದಿರು ಮುರಿಯುವ ಸದ್ದು ಕೇಳುತ್ತಿದೆಯೇ ಎಂದು ಕಿವಿಗೊಡಬೇಕಾಗುತ್ತದೆ. ಗಾಡಿಯೇ ಬೊಬ್ಬೆ ಹೊಡೆಯುತ್ತಿದ್ದರೆ ಅದು ಆಗದ ಮಾತು.

ಖರ್ಚು ಒಟ್ಟು 21,500 ರೂಪಾಯಿ ಬಂತು. ಜೋಡಿ ಪೈಪಿಗೆ ಅವರೇ ಹೇಳಿದ್ದ ಅಂದಾಜು 34,000. ಕೊರತೆಗಳೂ ಇವೆ. ಮೂರು ದಿನ ಎಂದದ್ದು ಆರು ದಿನವಾಯಿತು, ಬೆಂಡು ಬರುವುದು ತಡವಾದದ್ದನ್ನು ಮೊದಲೇ ತಿಳಿಸಲಿಲ್ಲ, ಫೋನು ಎತ್ತುವುದು ಅಪರೂಪ, ಕಾಯುವವರಿಗೆ ಕೂರಲು ಜಾಗವಿಲ್ಲ. ಮೊದಲು ಹಾಕಿದ ಹಿಂದಿನ ಹ್ಯಾಂಗರ್ ರಬ್ಬರು ತೀರಾ ಮೆದುವಾಗಿ, ಗುಂಡಿಯಲ್ಲಿ ಇಳಿದಾಗ ಪೈಪಿನ ತುದಿ ಬಂಪರಿಗೆ ತಾಗುತ್ತಿತ್ತು. ಅದನ್ನು ಗಟ್ಟಿಯದಕ್ಕೆ ಬದಲಿಸಲು ಇನ್ನೊಮ್ಮೆ ಹಾಸನಕ್ಕೆ ಹೋಗಬೇಕಾಯಿತು. ಎಸ್ಟಿಮೇಟನ್ನು ಬಾಯಿಮಾತಿನಲ್ಲಿ ಮುಗಿಸುವ ರೂಢಿ ಅವರಿಗಿದೆ, ಹೋಗುವವರು ಪೈಪಿನ ದರ್ಜೆ, ಗಾತ್ರ, ಬೆಂಡಿನ ಬಗೆ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಗಾಡಿಯನ್ನು ಮತ್ತೆ ಅಲ್ಲಿಗೇ ಒಯ್ದು ರ್ಯಾಂಪಿಗೆ ಹತ್ತಿಸಿ ನೋಡಿದೆವು. ಬೆಸುಗೆಗಳ ಸುತ್ತ ಮೊದಲ ದಿನ ಇದ್ದ ಹೊನ್ನಿನ ಬಣ್ಣದ ಬಳೆ, ಕೆಸರು ತೊಳೆದರೆ ಹಾಗೆಯೇ ಇತ್ತು. ತುಕ್ಕು ಹಿಡಿದದ್ದು ಒಂದೇ ಒಂದು ಕಡೆ: ರೆಸೊನೇಟರಿನ ಕ್ಲ್ಯಾಂಪಿಗೆ ಹಾಕಿದ್ದ ಬೋಲ್ಟು ಸಾಧಾರಣ ಕಬ್ಬಿಣದ್ದಾಗಿತ್ತು. ಮೇಸ್ತ್ರಿ ಅದನ್ನು ಕತ್ತರಿಸಿ ತೆಗೆದು ಸ್ಟೇನ್‌ಲೆಸ್ ಬೋಲ್ಟು ಹಾಕಿ, ಫ್ಲ್ಯಾಂಜಿಗೆ ಮತ್ತೊಮ್ಮೆ ಸೋಪಿನ ನೀರು ಬಳಿದು ನೋಡಿ, ನಲವತ್ತು ರೂಪಾಯಿ ತೆಗೆದುಕೊಂಡರು.