ಹಳೆಯ ಟರ್ಬೊ ಡೀಸೆಲ್‌ಗೆ ಯಾವ ಆಯಿಲ್? ದೇವಿಮನೆ ಘಟ್ಟದಲ್ಲಿ ಮೂರನ್ನೂ ಓಡಿಸಿ ನೋಡಿದ್ದು

ಹಳೆಯ ಟರ್ಬೊ ಕಾರು ಸ್ವಲ್ಪ ಆಯಿಲ್ ಕುಡಿದೇ ಕುಡಿಯುತ್ತದೆ. ಟರ್ಬೊ ಎಂದರೆ ಹೊಗೆಯ ರಭಸದಲ್ಲಿ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗಬಲ್ಲದು. ಅದನ್ನು ಹೊತ್ತು ನಿಲ್ಲುವುದು ಇಂಜಿನ್ ಆಯಿಲ್ಲಿನ ತೆಳು ಪದರ. ಅಲ್ಲಿಂದ ಒಂದಿಷ್ಟು, ಪಿಸ್ಟನ್ ರಿಂಗ್ ದಾಟಿ ಒಂದಿಷ್ಟು, ಇಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಆವಿಯಾಗಿ ಒಂದಿಷ್ಟು ಖರ್ಚಾಗುತ್ತದೆ. 1000 ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಸರಿ ಎಂದು ಕೆಲವು ಕಂಪನಿಗಳ ಕೈಪಿಡಿಯಲ್ಲೇ ಇದೆ.

ನಮ್ಮದು 1.3 ಲೀಟರ್ ಮಲ್ಟಿಜೆಟ್. ಫಿಯಟ್ ರೂಪಿಸಿದ ಇಂಜಿನ್, ಸ್ವಿಫ್ಟ್, ರಿಟ್ಜ್, ವಿಸ್ತಾ ಎಲ್ಲದರಲ್ಲೂ ಇತ್ತು. ಶಿರಸಿ ಕಡೆ ಇನ್ನೂ ಎಷ್ಟೋ ಓಡುತ್ತಿವೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇಲ್ಲದ ಹಳೇ ಗಾಡಿ, ಲಕ್ಷ ಕಿಲೋಮೀಟರ್ ದಾಟಿ ಬಹಳ ಕಾಲವಾಯಿತು. ಓಡಾಟ ಹೆಚ್ಚಾಗಿ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೆದ್ದಾರಿ 66ರಲ್ಲಿ ಅಂಕೋಲಾ, ಕಾರವಾರ.

ಮೊದಲು ಇದ್ದದ್ದು 5ಡಬ್ಲ್ಯೂ-30 ದರ್ಜೆಯ ಸಿಂಥೆಟಿಕ್ ಆಯಿಲ್. ಬೆಳಿಗ್ಗೆ ಸ್ಟಾರ್ಟ್ ಹಗುರ, ಮೈಲೇಜೂ ಚೆನ್ನಾಗಿತ್ತು. ಆದರೆ ಬೇಸಿಗೆಯಲ್ಲಿ ನಾಲ್ಕು ಜನ ಕೂತು ಘಟ್ಟ ಹತ್ತುವ ಓಡಾಟ ಇದ್ದಾಗ 1000 ಕಿಲೋಮೀಟರಿಗೆ ಹತ್ತಿರ ಹತ್ತಿರ 300 ಮಿಲಿಲೀಟರ್ ಸೇರಿಸಬೇಕಾಗುತ್ತಿತ್ತು. ಮಿತಿಯೊಳಗೇ ಇದೆ, ನಿಜ. ಆದರೆ ಈ ಇಂಜಿನ್ ಹಿಡಿಯುವುದೇ ಸುಮಾರು ಮೂರು ಲೀಟರ್. ಎರಡು ಸಲ ನೋಡಲು ಮರೆತರೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಕೆಳಗೆರೆಗೆ ಬಂದಿರುತ್ತದೆ.

ಗ್ಯಾರೇಜಿನಲ್ಲಿ ಸಿಕ್ಕ ಸಲಹೆ ಎಲ್ಲರಿಗೂ ಗೊತ್ತಿರುವುದೇ: "ದಪ್ಪ ಆಯಿಲ್ ಹಾಕಿ ಹೆಗಡೇರೇ, ಕುಡಿಯೋದು ನಿಲ್ತದೆ." ಹಾಗೆ 15ಡಬ್ಲ್ಯೂ-40 ಮಿನರಲ್, ಅಂದರೆ ಸಿಂಥೆಟಿಕ್ ಅಲ್ಲದ ಸಾಮಾನ್ಯ ಆಯಿಲ್, ಹಾಕಿಸಿದೆ. ದರ ಬಹಳ ಕಡಿಮೆ. ಖರ್ಚೂ ಅರ್ಧಕ್ಕೆ ಇಳಿಯಿತು! ಆದರೆ ಡಿಸೆಂಬರಿನ ಶಿರಸಿ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಟೈಮಿಂಗ್ ಚೈನ್ ಕಡೆಯಿಂದ ಗಲಗಲ ಸದ್ದು. ಆಯಿಲ್ ಮೇಲೇರಲು ತಡ ಮಾಡುತ್ತಿದೆ ಎಂದರ್ಥ. ಚೈನಿಗೆ ತಡವಾದರೆ ಟರ್ಬೊಗೂ ತಡವೇ ಅಲ್ವಾ? ಇನ್ನೊಂದು ಮಾತು, ಟರ್ಬೊದ ಬಿಸಿಯಲ್ಲಿ ಮಿನರಲ್ ಆಯಿಲ್ ಬೇಗ ಸುಟ್ಟು ಕರಿ ಕಟ್ಟುತ್ತದೆ. ಆ ಕರಿ ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪಿನಲ್ಲಿ ಕೂತರೆ ಟರ್ಬೊದ ಕತೆ ಮುಗಿಯಿತು. ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಅಲ್ಲಿ ಹೋಗುತ್ತದೆ. ಅವಧಿ ಮುಗಿಯುವ ಮೊದಲೇ ಅದನ್ನು ತೆಗೆಸಿದೆ.

ಈಗ ಇರುವುದು 5ಡಬ್ಲ್ಯೂ-40 ಪೂರ್ತಿ ಸಿಂಥೆಟಿಕ್. ಡಬ್ಲ್ಯೂಗಿಂತ ಮೊದಲಿನ ಅಂಕಿ ಚಳಿಯಲ್ಲಿ ಹರಿಯುವ ಗುಣ, ನಂತರದ್ದು 100 ಡಿಗ್ರಿ ಬಿಸಿಯಲ್ಲಿ ಉಳಿಯುವ ದಪ್ಪ. 5 ಇರುವುದರಿಂದ ಬೆಳಿಗ್ಗೆ ಬೇಗ ಏರುತ್ತದೆ, 40 ಇರುವುದರಿಂದ ಘಟ್ಟದ ಬಿಸಿಯಲ್ಲೂ ಪದರ ಗಟ್ಟಿ. ಖರ್ಚು 200 ಮಿಲಿಲೀಟರ್ ಆಸುಪಾಸು, ಮಿನರಲ್‌ಗಿಂತ ಜಾಸ್ತಿಯೇ. ಆದರೂ ನನ್ನ ಮತ ಇದಕ್ಕೇ. ಚೈನಿನ ಸದ್ದು ಹೋಯಿತು, ಮೈಲೇಜಿನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇಲ್ಲ. ಆಯಿಲ್ ಸ್ವಲ್ಪ ಕುಡಿಯಲಿ, ಟರ್ಬೊ ಉಳಿಯಲಿ. ನಿಮ್ಮ ಕೈಪಿಡಿ ಈ ದರ್ಜೆಗೆ ಒಪ್ಪುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ. ಡಿಪಿಎಫ್ ಇರುವ ಗಾಡಿಗೆ ಉರಿದಾಗ ಕಡಿಮೆ ಬೂದಿ ಬಿಡುವ ಬೇರೆ ಆಯಿಲ್ಲೇ ಬೇಕು.

ಅಳೆಯುವಾಗ ಸಮತಟ್ಟು ಜಾಗ ಬೇಕು. ನಮ್ಮೂರಿನ ಇಳಿಜಾರು ಅಂಗಳದಲ್ಲಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಐದು ಹತ್ತು ನಿಮಿಷ ಬಿಟ್ಟು ನೋಡಿ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಟರ್ಬೊ ಸೀಲ್ ದಾಟಿ ಆಯಿಲ್ ಎಳೆಯುತ್ತದೆ, ಆಯಿಲ್ ಬದಲಿಸುವ ಮೊದಲು ಅದನ್ನು ನೋಡಿ. ಘಟ್ಟ ಹತ್ತಿದ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಸುಮ್ನೆ ಓಡಲು ಬಿಡಿ.

ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಪೈಪಿನ ಜಾಯಿಂಟ್ ತುಸು ಒದ್ದೆ ಇದ್ದರೆ ಹೆದರಬೇಡಿ. ಒಳಗೆ ಆಯಿಲ್ ನಿಂತಿದ್ದರೆ, ನೀಲಿ ಹೊಗೆ ಬಂದರೆ, ಖರ್ಚು ಒಮ್ಮೆಲೇ ಏರಿದರೆ ಗಾಡಿ ಓಡಿಸಬೇಡಿ. ಸೀಲ್ ಪೂರ್ತಿ ಹೋದ ಡೀಸೆಲ್ ಇಂಜಿನ್ ತನ್ನ ಆಯಿಲ್ಲನ್ನೇ ಉರಿಸಿಕೊಂಡು ಓಡಬಹುದು, ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಗೇರಿನ ಗಾಡಿಯಾದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಬಿಟ್ಟು ಇಂಜಿನ್ ಬಂದ್ ಬೀಳಿಸಬೇಕು.